ಡೊಳ್ಳಿಗೂ ಡಿಜೆಗೂ ಜಗಳ ಯಾಕೆ?

ನವೆಂಬರ್ ಹತ್ತಿರ ಬಂತೆಂದರೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಅದೇ ಚರ್ಚೆ. ರಾಜ್ಯೋತ್ಸವಕ್ಕೆ ಡಿಜೆ ಇಡಬೇಕೋ, ಬೇಡವೋ? ರೂವಿಯ ರೂಮುಗಳಿಂದ ಹಿಡಿದು ಸೊಹಾರ್, ದುಕ್ಮ್ ಕ್ಯಾಂಪುಗಳ ತನಕ ಎರಡು ಪಕ್ಷ. "ವಾರವಿಡೀ ಬಿಸಿಲಲ್ಲಿ ಬೆಂದು ಬಂದವರಿಗೆ ಕುಣಿಯೋಕೆ ಒಂದಿಷ್ಟು ಸೌಂಡ್ ಬೇಡ್ವಾ?" ಅನ್ನೋರು ಒಂದು ಕಡೆ. "ಡಬ್ ಡಬ್ ಅನ್ನೋದ್ರಲ್ಲಿ ಕನ್ನಡ ಎಲ್ಲಿದೆ ಹೇಳಿ" ಅನ್ನೋರು ಇನ್ನೊಂದು ಕಡೆ. ನಾವು ಎರಡೂ ಕಡೆ ಕೂತು ಚಾ ಕುಡಿದಿದ್ದೇವೆ. ಜಗಳ ತಪ್ಪು ಜಾಗದಲ್ಲಿ ನಡೀತಿದೆ ಅಂತ ನಮಗೆ ಅನಿಸುತ್ತದೆ. ಯಂತ್ರದ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ.

ಈ ಡಿಜೆ ಸಂಗೀತ ಹುಟ್ಟಿದ್ದೇ ನಮ್ಮಂಥ ದುಡಿಯುವವರ ಊರುಗಳಲ್ಲಿ. 1980ರ ದಶಕದಲ್ಲಿ ಅಮೆರಿಕದ ಚಿಕಾಗೋ ಮತ್ತು ಕಾರು ಕಾರ್ಖಾನೆಗಳ ಊರಾದ ಡೆಟ್ರಾಯಿಟ್‌ನಲ್ಲಿ ಕಪ್ಪು ಜನಾಂಗದ ಹುಡುಗರು ಇದನ್ನು ಕಟ್ಟಿದರು. ಜಪಾನಿನ ರೋಲ್ಯಾಂಡ್ ಕಂಪನಿಯ ಟಿಬಿ-303 ಅನ್ನೋ ಸಣ್ಣ ಪೆಟ್ಟಿಗೆ ಬಾಸ್ ಗಿಟಾರಿನ ಬದಲಿಗೆ ಅಂತ ಮಾಡಿದ್ದು. ಮಾರುಕಟ್ಟೆಯಲ್ಲಿ ಅದು ಪೂರ್ತಿ ಸೋತಿತು, ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಬಿತ್ತು. ಕೈಯಲ್ಲಿ ಕಾಸಿಲ್ಲದ ಹುಡುಗರು ಅದನ್ನೇ ತಂದು ತಿರುಗಿಸಬಾರದ ಗುಂಡಿಗಳನ್ನೆಲ್ಲ ತಿರುಗಿಸಿ ಹೊಸ ಸದ್ದು ಹೊರಡಿಸಿದರು. ಅದೇ ಯಂತ್ರವನ್ನು 1982ರಲ್ಲೇ ಮುಂಬೈಯಲ್ಲಿ ಚರಣ್‌ಜಿತ್ ಸಿಂಗ್ ಬಳಸಿದ್ದರು. ಹಿಂದಿ ಸಿನಿಮಾ ಹಾಡುಗಳಿಗೆ ವಾದ್ಯ ನುಡಿಸುತ್ತಿದ್ದ ಅವರು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ಒಂದು ರೆಕಾರ್ಡ್ ತಂದರು. ಕೊಂಡವರು ಕಡಿಮೆ. ಅದು 2010ರಲ್ಲಿ ಮರುಮುದ್ರಣವಾದಾಗ ಯುರೋಪಿನವರು ಬೆರಗಾದರು, ಯಾಕೆಂದರೆ ಚಿಕಾಗೋದ ಹೆಸರಾಂತ ‘ಆಸಿಡ್ ಟ್ರ್ಯಾಕ್ಸ್’ ಬಂದದ್ದೇ 1987ರಲ್ಲಿ. ಸಿಂಗ್ ಅವರು ಫ್ಯಾಶನ್ ಹಿಂದೆ ಹೋದವರಲ್ಲ, ರಾಗ ಗೊತ್ತಿದ್ದು ಯಂತ್ರ ಮುಟ್ಟಿದವರು.

ಈಗ ನಮ್ಮ ಮೊಬೈಲಿಗೆ ಬರುವ ರೀಮಿಕ್ಸ್ ನೋಡಿ. ಮಲೆ ಮಹದೇಶ್ವರನ ‘ಸೋಜುಗದ ಸೂಜುಮಲ್ಲಿಗೆ’ಯನ್ನೇ ತಗೊಳ್ಳಿ. ಅನನ್ಯ ಭಟ್ ದನಿಯಲ್ಲಿ ಅದು ಮನೆಮನೆಗೆ ಹೋಯಿತು. 2021ರ ‘ಗರುಡ ಗಮನ ವೃಷಭ ವಾಹನ’ ಸಿನಿಮಾದಲ್ಲಿ ಬಂತು. ಹೊಡೆದಾಟದ ದೃಶ್ಯಕ್ಕೆ ದೇವರ ಹಾಡೇ ಬೇಕಿತ್ತಾ ಅಂತ ಭಕ್ತರಲ್ಲಿ ಕೆಲವರು ಬೇಸರ ಮಾಡಿಕೊಂಡರು. ಆಮೇಲೆ ಡಿಜೆಗಳ ಸರದಿ. ಆರಂಭದಲ್ಲಿ ಒಂದು ಸಾಲು, ಆಮೇಲೆ ಸದ್ದು ಏರುತ್ತಾ ಏರುತ್ತಾ ಹೋಗಿ ಒಂದು ಕ್ಷಣ ನಿಂತು ಧಡ್ ಅಂತ ಬೀಳೋದು. ಹಾಡು ಯಾವುದೇ ಇರಲಿ, ಬೀಳುವ ಜಾಗ ಅದೇ. ಕಂಸಾಳೆಯವರು ರಾತ್ರಿಯಿಡೀ ಮಾದಪ್ಪನ ಕಥೆ ಹೇಳುವಾಗ ಎಲ್ಲೋ ನಿಲ್ಲುತ್ತಾರೆ, ಮಾತಾಡುತ್ತಾರೆ, ಉಸಿರೆಳೆದು ಮತ್ತೆ ಓಡುತ್ತಾರೆ. ಕಂಪ್ಯೂಟರು ಆ ಉಸಿರನ್ನು ಒಪ್ಪುವುದಿಲ್ಲ. ನಿಮಿಷಕ್ಕೆ ನೂರಿಪ್ಪತ್ತೆಂಟು ಪೆಟ್ಟು ಅಂದರೆ ಅಷ್ಟೇ. ಹಾಡನ್ನು ಎಳೆದೋ ಕುಗ್ಗಿಸಿಯೋ ಅದರೊಳಗೆ ತುರುಕಬೇಕು.

ಡೊಳ್ಳಿನ ಪಾಡೂ ಇದೇ. ಬೀರೇಶ್ವರನ ಜಾತ್ರೆಯಲ್ಲಿ ಡೊಳ್ಳು ನೋಡಿದವರಿಗೆ ಗೊತ್ತು. ಮೊದಲು ನಿಧಾನ, ಭಾರವಾದ ಹೆಜ್ಜೆ. ಒಂದು ಮೈಗೆ ಕೋಲು, ಇನ್ನೊಂದು ಮೈಗೆ ಬರಿಗೈ. ಮುಂದಿನವನು ಕಣ್ಣು ಹೊರಳಿಸಿದರೆ ಸಾಲಿಗೆ ಸಾಲೇ ತಾಳ ಬದಲಿಸುತ್ತದೆ, ಕೊನೆಗೆ ನೆಲ ನಡುಗುತ್ತದೆ. ರೀಮಿಕ್ಸಿನಲ್ಲಿ ಅದರ ಎರಡು ಸೆಕೆಂಡ್ ತುಂಡು ಕತ್ತರಿಸಿ ನಾಲ್ಕು ನಿಮಿಷ ತಿರುಗಿಸುತ್ತಾರೆ. ಸಕ್ಕರೆ ಡಬ್ಬಿ ಮೇಲೆ ಕಬ್ಬಿನ ಚಿತ್ರ ಇದ್ದ ಹಾಗೆ.

ಹಾಗಂತ ಹಳೇದನ್ನು ಮುಟ್ಟಲೇಬಾರದು ಅಂತಲ್ಲ. ಸಿ. ಅಶ್ವತ್ಥ್ 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾಕ್ಕೆ ಶರೀಫರ ಪದಗಳನ್ನು ಭಜನಾ ಮೇಳದ ಧಾಟಿಯಲ್ಲೇ ಬಿಡಲಿಲ್ಲ. ರಘು ದೀಕ್ಷಿತ್ 2008ರಲ್ಲಿ ಅದೇ ಶರೀಫರಿಗೆ ಗಿಟಾರ್ ಕಟ್ಟಿದರು. ಎರಡರಲ್ಲೂ ಪದ ಕಿವಿಗೆ ಬೀಳುತ್ತದೆ, ಅರ್ಥ ಎದೆಗೆ ತಾಗುತ್ತದೆ.

ನಮ್ಮ ಇನ್ನೊಂದು ಮಾತಿಗೆ ಕೆಲವರು ಸಿಟ್ಟಾಗಬಹುದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಯೂಟ್ಯೂಬಿಗೆ ಬರುವ ಹೊಸ ‘ಜಾನಪದ’ ಹಾಡುಗಳಿವೆಯಲ್ಲ, ಕೀಬೋರ್ಡು, ರಿದಮ್ ಪ್ಯಾಡು, ಅಷ್ಟೇ ಖರ್ಚು. ಮಾಳು ನಿಪನಾಳ ಅವರ ‘ನಾ ಡ್ರೈವರ್’ ಇಲ್ಲಿ ಪಿಕಪ್ ಓಡಿಸುವ ನಮ್ಮ ಹುಡುಗರ ಬಾಯಲ್ಲೂ ಇದೆ. ಓದಿದವರು ಮೂಗು ಮುರಿಯುತ್ತಾರೆ. ನಮಗಂತೂ ಆ ಹಾಡು ದುಬಾರಿ ಸ್ಟುಡಿಯೋದ ಮಾದಪ್ಪನ ರೀಮಿಕ್ಸಿಗಿಂತ ಅಸಲಿ ಅನಿಸುತ್ತದೆ. ಡ್ರೈವರನ ಮಾತು, ಡ್ರೈವರನ ಭಾಷೆ, ಯಾರ ದೇವರನ್ನೂ ಸಾಲ ತಂದಿಲ್ಲ. ಒಂದು ಹಾಡು ಓಡಿತೆಂದು ಅದರ ಹಿಂದೆ ಅದೇ ಅಚ್ಚಿನ ಹತ್ತು ಹಾಡು ಬರೋದು ಮಾತ್ರ ಅಲ್ಲೂ ತಪ್ಪಿಲ್ಲ ಬಿಡಿ.

ದುಡ್ಡಿನ ವಿಷಯವೂ ಇದೆ. ಜನಪದ ಹಾಡಿಗೆ ಬರೆದವರ ಹೆಸರಿಲ್ಲ, ಹಾಗಾಗಿ ಅಪ್‌ಲೋಡ್ ಮಾಡಿದವನದೇ ಹಾಡು, ಅವನದೇ ಕಾಸು. ಊರಿನ ಗಣಪತಿ ಮೆರವಣಿಗೆಗೆ ಡಿಜೆ ಗಾಡಿ ಬಂದರೆ ಅವತ್ತು ಡೊಳ್ಳಿನ ತಂಡಕ್ಕೋ ಕರಡಿ ಮಜಲಿಗೋ ಸಿಗಬೇಕಿದ್ದ ಸಂಭಾವನೆ ಹೋಯಿತು. ಸಾಗರ್ ಪುರಾಣಿಕ್ ನಿರ್ದೇಶನದ ‘ಡೊಳ್ಳು’ ಸಿನಿಮಾ ನೋಡಿದ್ದೀರಾ? ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದದ್ದು. ಹುಡುಗರು ದುಡಿಮೆಗೆ ಪಟ್ಟಣಕ್ಕೆ ಹೋದ ಮೇಲೆ ಊರ ಡೊಳ್ಳಿಗೆ ಹೆಗಲು ಕೊಡುವವರಿಲ್ಲದ ಕಥೆ. ಆ ಹುಡುಗರು ಬೆಂಗಳೂರಿಗೆ ಹೋದರು, ನಾವು ಮಸ್ಕತ್ತಿಗೆ ಬಂದೆವು. ಡಿಜೆಯನ್ನು ಬೈಯುವಾಗ ಇದೂ ನೆನಪಿರಲಿ.

ನಾವಿರುವ ಈ ದೇಶ ಏನು ಮಾಡಿದೆ ನೋಡಿ. ತೈಲದ ದುಡ್ಡಿನಲ್ಲಿ ಎಲ್ಲ ಹೊಸದಾಗುತ್ತಿದ್ದ ಕಾಲದಲ್ಲಿ, 1983ರಲ್ಲೇ, ಒಮಾನ್ ತನ್ನ ಸಾಂಪ್ರದಾಯಿಕ ಸಂಗೀತಕ್ಕೆಂದೇ ಒಂದು ಕೇಂದ್ರ ತೆರೆದು ಊರೂರಿನ ಹಾಡು, ಕುಣಿತಗಳನ್ನು ದಾಖಲಿಸಲು ಶುರುಮಾಡಿತು. ಧೋಫಾರ್ ಕಣಿವೆಗಳ ‘ಬರಾ’ ಕುಣಿತ 2010ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಇಲ್ಲಿನ ಹುಡುಗರ ಕಾರಿನಲ್ಲೂ ಡಬ್ ಡಬ್ ಕೇಳುತ್ತದೆ, ಆದರೆ ಕತ್ತಿ ಹಿಡಿದು ‘ರಝಾ’ ಹಾಡುವ ಹೊತ್ತಿಗೆ ಡೋಲೇ ಬೇಕು.

ಆದ್ದರಿಂದ ಈ ಸಲ ಡಿಜೆ ಇರಲಿ. ಅದಕ್ಕೂ ಮೊದಲು ಅರ್ಧ ಗಂಟೆ ಮೈಕು ನಮ್ಮವರ ಕೈಗೆ ಬರಲಿ. ಕಂಸಾಳೆ, ಡೊಳ್ಳಿನ ಹಾಡು, ಗೀಗಿ ಪದ, ಪಾಡ್ದನ, ಸೋಬಾನೆ ಗೊತ್ತಿರುವವರು ನಮ್ಮ ಕ್ಯಾಂಪುಗಳಲ್ಲಿ ಇದ್ದೇ ಇರುತ್ತಾರೆ, ಯಾರೂ ಕೇಳಿಲ್ಲ ಅಷ್ಟೇ. ಹಾಡಿದ್ದನ್ನು ಫೋನಿನಲ್ಲಿ ಹಿಡಿದವರು ಹಾಡಿದವರ ಹೆಸರು, ಊರು ಸೇರಿಸಿಯೇ ಕಳಿಸಿ. ರಜೆಗೆ ಊರಿಗೆ ಹೊರಟವರಿಗೆ ಒಂದು ಕೋರಿಕೆ: ಡೊಳ್ಳು ವಿಮಾನದಲ್ಲಿ ತರೋದು ಕಷ್ಟ, ಒಂದು ಜೊತೆ ಕಂಸಾಳೆ ಬ್ಯಾಗಿನ ಮೂಲೆಯಲ್ಲಿ ಹಿಡಿಸುತ್ತದೆ.