ಗೋಸುಂಬೆಯ ನಾಲಿಗೆ ಸೋಲುವುದೇಕೆ?

ಗುರಿಯಿಟ್ಟು ಎಸೆದ ನಾಲಿಗೆ ಹುಳುವನ್ನು ಮುಟ್ಟದೆ ಅರ್ಧಕ್ಕೇ ಬಿದ್ದರೆ, ಗೋಸುಂಬೆ ಸಾಕಿದವರು ಗಾಬರಿಯಲ್ಲಿ ಮೊದಲು ಅದರ ಬಾಯಿ ಬಿಡಿಸಿ ನೋಡಲು ಹೋಗುತ್ತಾರೆ. ಅದು ಕೊನೆಗೆ ಆಗಬೇಕಾದ ಕೆಲಸ, ಅದೂ ಪಶುವೈದ್ಯರ ಕೈಯಲ್ಲಿ. ನಾಲಿಗೆಯಲ್ಲಿ ಕಾಣುವ ಸೋಲಿಗೆ ಹೆಚ್ಚಿನ ಸಲ ಕಾರಣ ಬಾಯಿಯ ಹೊರಗಿರುತ್ತದೆ: ಗೂಡಿನ ಬೆಳಕು, ಬಿಸಿ, ನೀರು, ಮೇವಿನಲ್ಲಿ ಕಡಿಮೆಯಾದ ಕ್ಯಾಲ್ಸಿಯಂ. ಯೆಮನ್ ಮೂಲದ ವೇಲ್ಡ್ ಕ್ಯಾಮೆಲಿಯನ್‌ಗೂ ಮಡಗಾಸ್ಕರ್‌ನ ಪ್ಯಾಂಥರ್ ಕ್ಯಾಮೆಲಿಯನ್‌ಗೂ ಈ ಮಾತು ಒಂದೇ. ಬೆಳ್ಳಾವಿ, ಗುಬ್ಬಿ, ಕುಣಿಗಲ್ ಕಡೆಯ ಬೇಲಿಸಾಲಿನಲ್ಲಿ ಸಿಗುವ ನಮ್ಮ ಗೋಸುಂಬೆಯ ವಿಷಯದಲ್ಲಿ ಇದಕ್ಕೆ ಇನ್ನೊಂದು ಮುಖವೂ ಇದೆ.

ಆ ನಾಲಿಗೆ ಕೆಲಸ ಮಾಡುವ ಬಗೆ ತಿಳಿದರೆ ಈ ಮಾತು ತಾನಾಗಿ ಸ್ಪಷ್ಟವಾಗುತ್ತದೆ. ಬಾಯಿಯ ತಳದಲ್ಲಿ ಮುಂದಕ್ಕೆ ಚಾಚಿದ ಕಡ್ಡಿಯಂಥ ಒಂದು ಎಲುಬಿದೆ. ಅದನ್ನು ಕೊಳವೆಯಂತೆ ಸುತ್ತಿಕೊಂಡ ಸ್ನಾಯು, ಎರಡರ ನಡುವೆ ಹಿಗ್ಗಿ ಕುಗ್ಗುವ ತೆಳು ಪದರಗಳು. ಸ್ನಾಯು ಬಿಗಿದಾಗ ಈ ಪದರಗಳು ಹೆದೆಯೇರಿಸಿದ ಬಿಲ್ಲಿನಂತೆ ಶಕ್ತಿ ಹಿಡಿದಿಟ್ಟುಕೊಂಡು, ಬಿಟ್ಟೊಡನೆ ನಾಲಿಗೆಯನ್ನು ಚಿಮ್ಮಿಸುತ್ತವೆ. ವಾಪಸು ಎಳೆದುಕೊಳ್ಳುವುದು ಮಾತ್ರ ಪೂರಾ ಸ್ನಾಯುವಿನ ದುಡಿಮೆ. ಅಮೆರಿಕದ ಕ್ರಿಸ್ಟೋಫರ್ ಆಂಡರ್ಸನ್ ಮತ್ತು ಸ್ಟೀಫನ್ ಡೆಬಾನ್ 2010ರಲ್ಲಿ ಇದನ್ನು ಅಳೆದು ತೋರಿಸಿದರು. ಉಷ್ಣಾಂಶ 25 ಡಿಗ್ರಿಯಿಂದ 15ಕ್ಕೆ ಇಳಿದಾಗ ಚಿಮ್ಮುವ ವೇಗ, ಬಲ ಶೇ. 10ರಿಂದ 19ರಷ್ಟು ತಗ್ಗಿದರೆ, ಎಳೆದುಕೊಳ್ಳುವ ಸಾಮರ್ಥ್ಯ ಶೇ. 42ಕ್ಕಿಂತ ಹೆಚ್ಚು ಕುಸಿಯಿತು. ಅಂದರೆ ನಾಲಿಗೆ ಸರಿಯಾಗಿಯೇ ಹೊರಬಂದು, ಒಳಗೆ ಹೋಗಲು ತಡವರಿಸುತ್ತಿದ್ದರೆ ಮೊದಲು ಗೂಡಿನ ಥರ್ಮಾಮೀಟರ್ ನೋಡಬೇಕು. ಧನುರ್ಮಾಸದ ಮುಂಜಾನೆಯ ಚಳಿಯಲ್ಲಿ, ಮೈ ಕಾಯಿಸಿಕೊಳ್ಳುವ ಮೊದಲೇ ಹುಳು ಕೊಟ್ಟರೆ ಆರೋಗ್ಯವಂತ ಪ್ರಾಣಿಯೂ ಹಾಗೆ ಮಾಡಬಹುದು.

ಬಿಸಿ ಸರಿಯಿದ್ದೂ ನಾಲಿಗೆ ತುಟಿಯಾಚೆ ಬರದೆ, ಪ್ರಾಣಿ ಬಾಯಿಂದಲೇ ಹುಳು ಕಚ್ಚಲು ನೋಡುತ್ತಿದ್ದರೆ ಅನುಮಾನ ಕ್ಯಾಲ್ಸಿಯಂ ಕೊರತೆಯ ಕಡೆ ತಿರುಗಬೇಕು. ಸ್ನಾಯು ಬಿಗಿಯಲು ಕ್ಯಾಲ್ಸಿಯಂ ಬೇಕು. ಮೇವಿಗೆ ಹಾಕುವ ಹುಳುಗಳಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲು ಡಿ3 ಜೀವಸತ್ವ ಬೇಕು, ಅದನ್ನು ಚರ್ಮ ತಯಾರಿಸಿಕೊಳ್ಳಲು ಬಿಸಿಲಿನ ಯುವಿ-ಬಿ ಕಿರಣ ಬೇಕು. ಕಿಟಕಿಯ ಪಕ್ಕ ಬಿಸಿಲಿಗೇ ಇಟ್ಟಿದ್ದೇವಲ್ಲ ಎನ್ನುವವರು ನೆನಪಿಡಬೇಕಾದ್ದು, ಕಿಟಕಿಯ ಗಾಜು ಆ ಕಿರಣಗಳನ್ನು ಬಹುಪಾಲು ತಡೆಯುತ್ತದೆ ಎಂಬುದು. ಮುಂಗಾಲು ಬಾಗುವುದು, ದವಡೆ ಮೆತ್ತಗಾಗುವುದು, ಕೊಂಬೆ ಹಿಡಿದ ಬೆರಳು ನಡುಗುವುದು ಇದೇ ಕಾಯಿಲೆಯ ಗುರುತುಗಳು. ನಾಲಿಗೆ ಬಲವಾಗಿ ಚಿಮ್ಮಿಯೂ ಗುರಿ ತಪ್ಪುತ್ತಿದ್ದರೆ ಕಣ್ಣು ನೋಡಬೇಕು. ಗೋಸುಂಬೆ ದೂರ ಅಳೆಯುವುದು ಕಣ್ಣಿನ ಮಸೂರ ಹೊಂದಿಸಿಕೊಳ್ಳುವುದರ ಮೂಲಕ. ಎಲ್. ಹಾರ್ಕ್‌ನೆಸ್ 1977ರಲ್ಲಿ ಅದರ ಕಣ್ಣ ಮುಂದೆ ಮಸೂರವಿಟ್ಟು ಗುರಿ ತಪ್ಪುವುದನ್ನು ತೋರಿಸಿದ್ದರು. ಊದಿದ ರೆಪ್ಪೆಗೆ ಎ ಜೀವಸತ್ವದ ಕೊರತೆ ಒಂದು ಕಾರಣ. ಗುಳಿಬಿದ್ದ ಕಣ್ಣು, ಹಿಕ್ಕೆಯ ಬಿಳಿ ಭಾಗ ಕಿತ್ತಳೆಗೆ ತಿರುಗಿರುವುದು ನೀರು ಸಾಲದ ಲಕ್ಷಣ. ಬಟ್ಟಲಲ್ಲಿ ನೀರಿಟ್ಟರೆ ಗೋಸುಂಬೆ ಸಾಮಾನ್ಯವಾಗಿ ಗಮನಿಸುವುದೇ ಇಲ್ಲ, ಎಲೆಯ ಮೇಲಿನ ಹನಿ ಕುಡಿಯುವ ಪ್ರಾಣಿ ಅದು. ಹೊಟ್ಟೆ ತುಂಬಿಕೊಂಡ ಹೆಣ್ಣು ಮೇವು ಬಿಟ್ಟು ಗೂಡಿನಲ್ಲೆಲ್ಲ ಅಲೆಯುತ್ತಿದ್ದರೆ ಮೊಟ್ಟೆಯಿಡಲು ಹಸಿ ಮಣ್ಣು ಹುಡುಕುತ್ತಿರಬಹುದು.

ನಾಲಿಗೆಗೇ ಪೆಟ್ಟು ಬೀಳುವುದಿಲ್ಲವೇ, ಗೂಡು ಪರೀಕ್ಷಿಸುತ್ತ ಕೂತರೆ ಹೊತ್ತು ಮೀರುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ನಾಲಿಗೆ ಹೊರಗೆ ಜೋತುಬಿದ್ದಿದ್ದರೆ, ಒಸಡು ಕೆಂಪಾಗಿ ಕೀವು ಕಂಡರೆ, ದವಡೆ ಊದಿದ್ದರೆ ಕಾಯಬಾರದು. ಶುದ್ಧ ನೀರಿನಿಂದ ನಾಲಿಗೆಯನ್ನು ಒದ್ದೆಯಾಗಿಟ್ಟು ಅಂದೇ ವೈದ್ಯರಲ್ಲಿಗೆ ಒಯ್ಯಬೇಕು. ತುಮಕೂರು ಕಡೆಯವರಿಗೆ ಅದು ಬೆಂಗಳೂರಿಗೆ ಹೋಗುವ ಮಾತಾಗಬಹುದು, ಏಕೆಂದರೆ ಸರೀಸೃಪಗಳ ಚಿಕಿತ್ಸೆಯ ಅನುಭವವಿರುವವರು ವಿರಳ. ಆದರೆ ಇಂಥ ಗುರುತುಗಳು ಸುಮ್ಮನೆ ನೋಡಿದರೂ ಕಾಣುತ್ತವೆ, ಅದಕ್ಕೆ ಬಾಯಿ ಅಗಲಿಸಬೇಕಿಲ್ಲ. ಮೂಳೆ ಮೆತ್ತಗಾದ ಪ್ರಾಣಿಯ ದವಡೆಗೆ ಬೆರಳು ಹಾಕಿದರೆ ಮುರಿಯಬಹುದು. ಬಲವಂತವಾಗಿ ಸುರಿದ ದ್ರವ ಶ್ವಾಸನಾಳಕ್ಕೆ ಹೋದರೆ ಜೀವಕ್ಕೇ ಕುತ್ತು. ಔಷಧದಂಗಡಿಯ ಜೀವಸತ್ವದ ಹನಿಗಳನ್ನು ಅಂದಾಜಿನಲ್ಲಿ ಕೊಡುವುದೂ ಅಪಾಯವೇ, ಎ ಮತ್ತು ಡಿ3 ಅತಿಯಾದರೆ ವಿಷವಾಗುತ್ತವೆ. ವೈದ್ಯರಿಗೆ ಹೆಚ್ಚು ನೆರವಾಗುವುದು ಗೂಡಿನ ಫೋಟೊ, ಬಲ್ಬಿನ ಹೆಸರು, ತಾಜಾ ಹಿಕ್ಕೆ, ಮೇವು ಹಿಡಿಯುವಾಗ ಮೊಬೈಲಿನಲ್ಲಿ ತೆಗೆದ ನಿಧಾನಗತಿಯ ವಿಡಿಯೊ.

ಇನ್ನು ನಮ್ಮ ಸೀಮೆಯ ಗೋಸುಂಬೆಯ ಮಾತು. ಭಾರತದಲ್ಲಿರುವ ಒಂದೇ ಜಾತಿ ಇದು. ಹುಣಸೆ ಮರದಿಂದಿಳಿದು ರಸ್ತೆ ದಾಟುವಾಗ ಸಿಕ್ಕಿತೆಂದು ತಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟರೆ, ಮಿಡತೆ ಹಾಕಿದರೂ ಅದು ತಿರುಗಿ ನೋಡುವುದಿಲ್ಲ. ನಾಲಿಗೆಯಲ್ಲಿ ಏನೂ ದೋಷವಿಲ್ಲದೆಯೂ ಹೀಗಾಗುತ್ತದೆ, ಏರಲು ಕೊಂಬೆಯಿಲ್ಲ, ಮರೆಗೆ ಎಲೆಯಿಲ್ಲ, ಸುತ್ತ ಜನ. ಅದನ್ನು ಉಳಿಸಲೆಂದೇ ತಂದೆವು ಎನ್ನುವವರ ಕಾಳಜಿ ನಿಜವೇ ಇರಬಹುದು. ಆದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಈ ಪ್ರಾಣಿಯನ್ನು ಸಾಕುವುದು ಅಪರಾಧ. ವಿದೇಶಿ ಗೋಸುಂಬೆ ಇಟ್ಟುಕೊಂಡವರೂ 2024ರ ನಿಯಮಗಳ ಪ್ರಕಾರ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಇದು ವಿಷದ ಪ್ರಾಣಿಯಲ್ಲ, ಕಲ್ಲು ಹೊಡೆಯಬೇಡಿ. ರಸ್ತೆಯಲ್ಲಿ ಕಂಡರೆ ಒಂದು ಕೋಲು ಹಿಡಿದು ಅದರ ಮೇಲೆ ಹತ್ತಿಸಿಕೊಂಡು, ಅದು ಹೊರಟಿದ್ದ ದಿಕ್ಕಿನ ಗಿಡಕ್ಕೆ ಬಿಡಿ. ಗಾಯವಾಗಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.