ನೀರೆತ್ತುವ ಮೋಟಾರುಗಳ ಪವರ್ ಫ್ಯಾಕ್ಟರ್ ಲೆಕ್ಕ

ಕೊಳವೆ ಬಾವಿಗಳು ಹೆಚ್ಚಾಗಿರುವ ಗ್ರಾಮಗಳಲ್ಲಿ ಬೇಸಗೆ ಬಂತೆಂದರೆ ವಿದ್ಯುತ್ ಲೈನಿನ ಕಡೆಯ ತೋಟದವರ ಅಹವಾಲು ಒಂದೇ ಬಗೆಯದು. ವೋಲ್ಟೇಜು ಸಾಲದು, ಮೋಟಾರು ಕಾದು ಸುರುಳಿ ಸುಟ್ಟುಹೋಗುತ್ತದೆ, ಅದನ್ನು ಮರಳಿ ಸುತ್ತಿಸಿ ತರುವುದರೊಳಗೆ ಪೈರು ಬಾಡುತ್ತದೆ. ಇದಕ್ಕೆ ಕಾರಣಗಳು ಹಲವುಂಟು. ಅವುಗಳಲ್ಲಿ ಭೂಮಾಲೀಕರು ತಾವೇ ಅಲ್ಪ ವೆಚ್ಚದಲ್ಲಿ ನಿವಾರಿಸಿಕೊಳ್ಳಬಹುದಾದುದು ಪವರ್ ಫ್ಯಾಕ್ಟರ್ ತಗ್ಗಿರುವ ದೋಷ.

ಅರ್ಥ:— ನಮ್ಮ ಲೈನುಗಳಲ್ಲಿರುವುದು ಸೆಕೆಂಡಿಗೆ 50 ಆವೃತ್ತಿಗಳಂತೆ ಹಿಂದು ಮುಂದಾಗಿ ಹರಿಯುವ ಪರ್ಯಾಯ ಪ್ರವಾಹ. ನೀರು ಕಾಯಿಸುವ ಹೀಟರಿನಲ್ಲಿ ವೋಲ್ಟೇಜೂ ಪ್ರವಾಹವೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ಬಂದ ಪ್ರವಾಹವೆಲ್ಲ ಕೆಲಸಕ್ಕೆ ಸಲ್ಲುತ್ತದೆ. ಮೋಟಾರಿನಲ್ಲಾದರೋ, ಸುರುಳಿಗಳಲ್ಲಿ ಕಾಂತಶಕ್ತಿ ಹುಟ್ಟಬೇಕಾದ್ದರಿಂದ ಪ್ರವಾಹವು ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ. ನೇಗಿಲಿನ ಎತ್ತು ಸಾಲಿಗೆ ಓರೆಯಾಗಿ ಎಳೆದರೆ ಅದರ ಬಲವೆಲ್ಲ ಉಳುಮೆಗೆ ಸಲ್ಲದು. ಹಗ್ಗವು ಮಾತ್ರ ಪೂರ್ಣ ಬಲವನ್ನು ತಾಳಲೇಬೇಕು. ಇಲ್ಲಿ ತಂತಿಯೇ ಹಗ್ಗ. ತಂತಿ ಹೊತ್ತ ಭಾರದಲ್ಲಿ ಎಷ್ಟು ಪಾಲು ಕೆಲಸಕ್ಕೆ ಸಂದಿತೆಂಬ ಪ್ರಮಾಣವೇ ಪವರ್ ಫ್ಯಾಕ್ಟರ್.

ಲೆಕ್ಕದ ಕ್ರಮ:— ಒಂದು ಫೇಸಿನ ಮೋಟಾರು 230 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುತ್ತಿದ್ದರೆ, ತಂತಿಯ ಭಾರ 230 × 10 = 2,300 ವೋಲ್ಟ್-ಆಂಪಿಯರ್. ವಾಟ್‌ಮೀಟರು 1,840 ವಾಟ್ ತೋರಿಸಿದರೆ, 1,840 ÷ 2,300 = 0.80, ಇದೇ ಪವರ್ ಫ್ಯಾಕ್ಟರ್. ಮೂರು ಫೇಸಿನ ಮೋಟಾರಿಗೆ ವೋಲ್ಟ್ ಮತ್ತು ಆಂಪಿಯರುಗಳ ಗುಣಲಬ್ಧವನ್ನು ಮತ್ತೆ 1.732 ರಿಂದ ಗುಣಿಸತಕ್ಕದ್ದು. 5 ಕುದುರೆಶಕ್ತಿಯ ಪಂಪು 415 ವೋಲ್ಟಿನಲ್ಲಿ 8 ಆಂಪಿಯರ್ ಎಳೆಯುತ್ತ, ಒಂದು ಗಂಟೆಗೆ ಮೀಟರಿನಲ್ಲಿ 4.3 ಯೂನಿಟ್, ಎಂದರೆ 4,300 ವಾಟಿನಂತೆ, ಓಡಿಸಿತೆನ್ನೋಣ. 1.732 × 415 × 8 = 5,750; 4,300 ÷ 5,750 = 0.75.

ಪರಿಹಾರ:— ಈ ಮೋಟಾರಿಗೆ 2 ಕೆ.ವಿ.ಎ.ಆರ್. ಅಳತೆಯ ಕೆಪಾಸಿಟರನ್ನು ಜೋಡಿಸಿದರೆ, ಕಾಂತಶಕ್ತಿಗೆ ಬೇಕಾದ ಪ್ರವಾಹದಲ್ಲಿ ಅರ್ಧದಷ್ಟನ್ನು ಅದೇ ಒದಗಿಸುತ್ತದೆ. ಪವರ್ ಫ್ಯಾಕ್ಟರ್ 0.92 ಕ್ಕೆ ಏರಿ, ಲೈನಿನ ಪ್ರವಾಹವು 8 ರಿಂದ 6.5 ಆಂಪಿಯರಿಗೆ ಇಳಿಯುತ್ತದೆ. ಪಂಪು ಎತ್ತುವ ನೀರು ಇದರಿಂದ ಕಡಿಮೆಯಾಗದು. ತಂತಿಯಲ್ಲಿ ಶಾಖವಾಗಿ ಪೋಲಾಗುವ ಶಕ್ತಿಯು ಪ್ರವಾಹದ ವರ್ಗಕ್ಕೆ ಅನುಸಾರವಾದ್ದರಿಂದ, ಆ ನಷ್ಟದಲ್ಲಿ ಸುಮಾರು ಮೂರರಲ್ಲೊಂದು ಪಾಲು ಉಳಿಯುತ್ತದೆ. 63 ಕೆ.ವಿ.ಎ. ಟ್ರಾನ್ಸ್‌ಫಾರ್ಮರಿನ ಮೇಲೆ ಕೆಪಾಸಿಟರಿಲ್ಲದ ಇಂತಹ ಪಂಪುಗಳು ಏಕಕಾಲದಲ್ಲಿ 10 ಮಾತ್ರ ನಡೆಯಬಲ್ಲವು. ಕೆಪಾಸಿಟರ್ ಇದ್ದರೆ 13 ನಡೆಯಬಲ್ಲವು.

ಎಚ್ಚರಿಕೆ:— ಕೆಪಾಸಿಟರನ್ನು ಸ್ಟಾರ್ಟರಿಗೂ ಮೋಟಾರಿಗೂ ನಡುವೆ, ಮೋಟಾರು ನಿಂತೊಡನೆ ಅದೂ ಲೈನಿನಿಂದ ಬೇರ್ಪಡುವಂತೆ, ಲೈಸೆನ್ಸ್ ಪಡೆದ ಕೆಲಸಗಾರರಿಂದಲೇ ಜೋಡಿಸತಕ್ಕದ್ದು. ಅಗತ್ಯಕ್ಕಿಂತ ದೊಡ್ಡದನ್ನು ಹಾಕಿದರೆ ಮೋಟಾರಿಗೆ ಹಾನಿಯುಂಟು. ಸ್ವಿಚ್ಚು ತೆಗೆದ ಮೇಲೂ ಅದರಲ್ಲಿ ವಿದ್ಯುತ್ತು ಕೆಲಕಾಲ ಉಳಿದಿರುವುದರಿಂದ ಮುಟ್ಟಕೂಡದು. ಲೈನಿನ ಆಂಪಿಯರ್ ಪುನಃ 8 ರ ಕಡೆಗೆ ಏರಿದರೆ ಕೆಪಾಸಿಟರ್ ಕೆಟ್ಟಿರಬಹುದೆಂದು ತಿಳಿದು ಪರೀಕ್ಷಿಸಬೇಕು. ಬಾವಿಗೆ ಬೇಕಾದುದಕ್ಕಿಂತ ಹೆಚ್ಚಿನ ಕುದುರೆಶಕ್ತಿಯ ಮೋಟಾರನ್ನು ಕೊಳ್ಳುವುದೂ ತರವಲ್ಲ. ಅರೆಹೊರೆಯಲ್ಲಿ ನಡೆಯುವ ಮೋಟಾರಿನ ಪವರ್ ಫ್ಯಾಕ್ಟರ್ ಮತ್ತಷ್ಟು ತಗ್ಗುತ್ತದೆ.

ಒಬ್ಬಿಬ್ಬರು ಕೆಪಾಸಿಟರ್ ಹಾಕಿಸಿದ ಮಾತ್ರಕ್ಕೆ ಲೈನು ಸುಧಾರಿಸದು. ಗ್ರಾಮದ ಮುಖಂಡರು ಒಂದೊಂದು ಟ್ರಾನ್ಸ್‌ಫಾರ್ಮರಿಗೆ ಸೇರಿದ ಪಂಪುಗಳ ಪಟ್ಟಿ ಮಾಡಿಸಿ, ಮೇಲಿನಂತೆ ಲೆಕ್ಕ ಹಾಕಿಸಿ, ಬೇಸಗೆಗೆ ಮುಂಚೆಯೇ ಎಲ್ಲರಿಂದಲೂ ಈ ಕಾರ್ಯವನ್ನು ನೆರವೇರಿಸಬೇಕಾಗಿದೆ. ಕಡೆಯ ತೋಟದ ಮೋಟಾರು ಉಳಿಯಬೇಕಾದರೆ ಮೊದಲ ತೋಟದಲ್ಲಿಯೂ ಕೆಪಾಸಿಟರ್ ಇರಬೇಕು.