ಅಜ್ಜನ ಕಳ್ಳ, ಮೊಮ್ಮಗಳ ಕಳ್ಳ

‘ಸದಾರಮೆ’ ನಾಟಕ ನೋಡಿದ ಹಳಬರನ್ನು ಮಾತಿಗೆಳೆಯಿರಿ. ನಾಯಕ, ನಾಯಕಿಗಿಂತ ಮೊದಲು ಕಳ್ಳನ ಮಾತು ಬರುತ್ತದೆ. ಸದಾರಮೆಯನ್ನು ಅಪಹರಿಸಿ, ಕೊನೆಗೆ ಅವಳ ಜಾಣತನದ ಮುಂದೆ ಪೆಚ್ಚಾಗುವ ಆ ಕಳ್ಳನಾಗಿ ಗುಬ್ಬಿ ವೀರಣ್ಣ ನಾಡನ್ನೇ ನಗಿಸಿದರು. ಮುಂದೆ ಅದೇ ಪಾತ್ರಕ್ಕೆ ಬಣ್ಣ ಹಚ್ಚಿದವರು ಅವರ ಮೊಮ್ಮಗಳು ಬಿ. ಜಯಶ್ರೀ. ಹೆಣ್ಣುಮಗಳೊಬ್ಬಳು ಗಂಡುದನಿಯಲ್ಲಿ ಹಾಡುತ್ತಾ, ಮುಂದಿನ ಸಾಲಿನವರನ್ನು ಕೆಣಕುತ್ತಾ ಬರುವ ಆ ಕಳ್ಳನನ್ನು ಕಂಡವರಿಗೆ, ಮನೆತನದ ಕಲೆ ಅಂದರೇನೆಂದು ಬಿಡಿಸಿ ಹೇಳಬೇಕಿಲ್ಲ.

ಗುಬ್ಬಿಯ ಗೆಳೆಯರು ಸೇರಿ ಊರದೇವರ ಹೆಸರಿನಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಕಟ್ಟಿದ್ದು 1884ರಲ್ಲಿ. ಬಾಲನಟನಾಗಿ ಸೇರಿದ ವೀರಣ್ಣ 1917ರಲ್ಲಿ ಅದರ ಮಾಲೀಕರಾದರು. ಗಂಡಸರೇ ಸೀರೆಯುಟ್ಟು ಸ್ತ್ರೀಪಾತ್ರ ಮಾಡುತ್ತಿದ್ದ ಕಾಲದಲ್ಲಿ ನಟಿಯರನ್ನು ರಂಗಕ್ಕೆ ತಂದರು. ಪತ್ನಿ ಬಿ. ಜಯಮ್ಮ ಕಂಪನಿಯ ತಾರೆಯಾದರು. ಮಗಳು ಮಾಲತಮ್ಮ ಅಲ್ಲೇ ಬೆಳೆದರು. ಜಯಶ್ರೀ ಈ ಮಾಲತಮ್ಮನವರ ಮಗಳು.

1934ರ ‘ಕುರುಕ್ಷೇತ್ರ’ದ ಕತೆ ಕೇಳಬೇಕು. ಯುದ್ಧದ ದೃಶ್ಯಕ್ಕೆ ನಿಜವಾದ ಆನೆ, ಕುದುರೆಗಳೇ ರಂಗಕ್ಕೆ ಬಂದವು. ಆನೆಯ ಭಾರ ತಡೆಯುವಂತೆ ರಂಗ ಕಟ್ಟಬೇಕು, ದೀಪದ ಬೆಳಕಿಗೂ ಜನರ ಚಪ್ಪಾಳೆಗೂ ಅದು ಬೆದರದಂತೆ ನೋಡಿಕೊಳ್ಳಬೇಕು, ಆಟ ಮುಗಿದ ಮೇಲೆ ಮೇವು ಹಾಕಬೇಕು. ಟಿಕೆಟ್ಟಿನ ಹಣದಲ್ಲೇ ಇಷ್ಟೂ ನಡೆಯಬೇಕಿತ್ತು. ಇಂಥ ಎದೆಗಾರಿಕೆ ಇವತ್ತು ಯಾವ ನಿರ್ಮಾಪಕರಲ್ಲಿದೆ?

ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಪಳಗಿದ್ದು ಈ ಕಂಪನಿಯಲ್ಲೇ. ಮನೆ ಬಿಟ್ಟು ಬಂದ ಹುಡುಗ ಬಿ.ವಿ. ಕಾರಂತರನ್ನು ಕಾಶಿಗೆ ಕಳಿಸಿ ಓದಿಸಿದವರೂ ವೀರಣ್ಣನವರೇ.

ಸಿನಿಮಾ ಬಂತು; ಅದಕ್ಕೂ ವೀರಣ್ಣ ದುಡ್ಡು ಸುರಿದರು. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ ‘ಬೇಡರ ಕಣ್ಣಪ್ಪ’ (1954) ಅವರ ಸಂಸ್ಥೆಯ ಪಾಲುದಾರಿಕೆಯಲ್ಲೇ ತಯಾರಾಯಿತು. ಆದರೆ ಕಂಪನಿ ನಾಟಕದ ಪ್ರೇಕ್ಷಕರನ್ನು ಅದೇ ಸಿನಿಮಾ ಸೆಳೆದುಕೊಂಡಿತು. 1972ರಲ್ಲಿ ವೀರಣ್ಣ ತೀರಿಕೊಂಡರು. 1976ರಲ್ಲಿ ‘ಸ್ಪಂದನ’ ರಂಗತಂಡ ಕಟ್ಟಿದ ಜಯಶ್ರೀ ಕಂಪನಿಯ ಮಟ್ಟುಗಳನ್ನು ಹೊಸ ತಲೆಮಾರಿಗೆ ದಾಟಿಸಿದರು.

ತುಮಕೂರಿನಲ್ಲಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವಿದೆ, ಸರ್ಕಾರ ಕೊಡುವ ಪ್ರಶಸ್ತಿಯಿದೆ. ಹೆಸರು ಉಳಿದರೆ ಸಾಲದು, ಆಟವೂ ಉಳಿಯಬೇಕು. ಬನಶಂಕರಿ, ಶಿರಸಿ ಜಾತ್ರೆಗಳಲ್ಲಿ ಇಂದಿಗೂ ವೃತ್ತಿ ಕಂಪನಿಗಳು ಡೇರೆ ಹಾಕುತ್ತವೆ. ಆ ಕಡೆ ಹೋದಾಗ ಮನೆಮಂದಿಯನ್ನೆಲ್ಲ ಕರೆದುಕೊಂಡು, ಟಿಕೆಟ್ ಕೊಂಡು ಒಂದು ಆಟ ನೋಡಿ ಬನ್ನಿ.